ಯಾಕುಪ್ ಹೇಳಿದ್ದು

ಸೆಪ್ಟೆಂಬರ್ 9, 1986, ಮಂಗಳವಾರ

ಕೆಲಸ ಹೋಗಿ ಇವತ್ತಿಗೆ ಹನ್ನೊಂದು ದಿನ. ಕಂಪ್ಯೂಟರ್ ಚಿಪ್ ಮಾಡುವ ಕಂಪನಿಗಳಿಗೆ ಆರ್ಡರ್ ಇಲ್ಲ, ಅವುಗಳ ಮಷೀನಿಗೆ ಬಿಡಿಭಾಗ ಮಾಡಿಕೊಡುವ ನಮ್ಮ ಶಾಪಿಗೂ ಇಲ್ಲ. ಸಾಂತಾ ಕ್ಲಾರಾದಲ್ಲಿ ಹದಿನಾಲ್ಕು ವರ್ಷ ಲೇತಿನ ಮುಂದೆ ನಿಂತವನನ್ನು ಒಂದು ಶುಕ್ರವಾರ ಕೈಕುಲುಕಿ ಕಳಿಸಿದರು.

ನಿರುದ್ಯೋಗಿಗಳ ಕಚೇರಿಯ ಹೆಂಗಸು, ದಿನಾ ಏನು ಮಾಡಿದಿರಿ ಬರೆದಿಡಿ ಎಂದಳು. ಯಾವ ಯಾವ ಕಂಪನಿಗೆ ಹೋಗಿದ್ದಿರಿ ಎಂಬ ಅರ್ಥದಲ್ಲಿ ಹೇಳಿದ್ದು. ನಾನು ಎಲ್ಲಿಗೂ ಹೋಗಿಲ್ಲ. ತಾಯಮ್ಮ ಏಳೂವರೆಗೆ ಡೇಕೇರಿಗೆ ಹೊರಡುತ್ತಾಳೆ, ಅಲ್ಲಿ ಇಪ್ಪತ್ತು ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಅವಳು ಬಾಗಿಲು ಎಳೆದುಕೊಂಡ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಏನೂ ಇಲ್ಲ. ಇಷ್ಟು ವರ್ಷ ಮಷೀನಿನ ಸದ್ದಿನಲ್ಲಿ ಇದ್ದ ಕಿವಿಗೆ ಈ ನಿಶ್ಶಬ್ದ ನೋವು ಕೊಡುತ್ತದೆ.

ಸೆಪ್ಟೆಂಬರ್ 14, ಭಾನುವಾರ

ವಸುಧಾ ಬರ್ಕ್ಲಿಯಿಂದ ಒಗೆಯುವ ಬಟ್ಟೆಯ ಮೂಟೆ ಹೊತ್ತು ಬಂದಿದ್ದಳು. ಈ ಸೆಮಿಸ್ಟರು ಒಂದು ಜರ್ಮನ್ ಕೋರ್ಸು ತೆಗೆದುಕೊಂಡಿದ್ದಾಳೆ. ಕೆಲಸಕ್ಕೆಂದು ಜರ್ಮನಿಗೆ ಹೋದ ಪರದೇಶದವರು, ಅವರ ಮಕ್ಕಳು, ಜರ್ಮನ್ ಭಾಷೆಯಲ್ಲೇ ಬರೆಯುತ್ತಿರುವ ಕಥೆ ಕವನಗಳ ಮೇಲೆ.

"ಅಪ್ಪಾ, ನಿಂಗೆ ಜರ್ಮನ್ ಬರತ್ತಲ್ಲ? ಯು ವರ್ ದೇರ್, ರೈಟ್?"

"ಎರಡು ವರ್ಷ ಇದ್ದೆ, ಟ್ರೈನಿಂಗಿಗೆ. ಎಲ್ಲ ಮರೆತೋಗಿದೆ."

"ಅವರನ್ನ ಗೆಸ್ಟ್ ವರ್ಕರ್ಸ್ ಅಂತ ಕರೀತಿದ್ರಂತೆ. ನಿನ್ನೂ ಹಾಗೆ ಕರೀತಿದ್ರಾ?"

"ಅತಿಥಿ ಅಂತ ಕರೆದ್ರು. ಊಟಕ್ಕೆ ಮಾತ್ರ ಯಾರೂ ಕರೀಲಿಲ್ಲ."

ಅವಳು ನಕ್ಕು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನನ್ನ ಮಾತನ್ನು ಮಗಳು ಬರೆದುಕೊಂಡದ್ದು ಇದೇ ಮೊದಲು. ಹೋಗುವಾಗ ಒಂದು ತೆಳು ಪುಸ್ತಕ ಮೇಜಿನ ಮೇಲಿಟ್ಟಳು. ತನ್ನ ಹತ್ತಿರ ಜೆರಾಕ್ಸ್ ಇದೆಯಂತೆ. 'ಎಡಗೈ ಬರಹ' ಎಂದು ಅದರ ಹೆಸರಿನ ಅರ್ಥ. ಬರೆದವಳು ನೆರ್ಮಿನ್ ಎಂಬ ತುರ್ಕಿ ಹುಡುಗಿ. ಹತ್ತನೇ ವಯಸ್ಸಿಗೆ ಜರ್ಮನಿಗೆ ಬಂದವಳಂತೆ.

ಸೆಪ್ಟೆಂಬರ್ 16, ಮಂಗಳವಾರ

ಡಿಕ್ಷನರಿ ಇಟ್ಟುಕೊಂಡು ಹನ್ನೆರಡು ಪುಟ ಓದಿದೆ. ಮೊದಲ ಎರಡು ಪುಟಕ್ಕೆ ಒಂದು ಗಂಟೆ. ಆಮೇಲೆ ಡಿಕ್ಷನರಿಯನ್ನೇ ಮುಟ್ಟಲಿಲ್ಲ. ಮರೆತಿದ್ದೇನೆ ಅಂದುಕೊಂಡಿದ್ದೆ.

ಝೋಂಗುಲ್ದಾಕ್ ಎಂಬ ಊರಿನ ಗಣಿ ಕೆಲಸದವನೊಬ್ಬ ಸ್ಟುಟ್‌ಗಾರ್ಟ್ ಹತ್ತಿರದ ಕಾರ್ಖಾನೆಗೆ ಬರುತ್ತಾನೆ. ಕಥೆ ಹೇಳುವವಳು ಅವನ ಮಗಳು. ನಾಲ್ಕು ಮಂಚದ ಕೋಣೆ. ತಗಡು ಒತ್ತುವ ಪ್ರೆಸ್ಸಿನ ಕೆಳಗೆ ಬಲಗೈಯ ನಾಲ್ಕು ಬೆರಳು ಹೋಗುತ್ತವೆ. ಇಂಥವರು ಆ ಕಾಲದಲ್ಲಿ ಎಷ್ಟೋ ಜನ ಇದ್ದರು. ಅದೇ ಊರಿನವರೂ ಹಲವರಿದ್ದರು.

ಸೆಪ್ಟೆಂಬರ್ 17

ಮೂವತ್ತೊಂದನೇ ಪುಟದಲ್ಲಿ ಒಬ್ಬ ಇಂಡಿಯನ್ ಬರುತ್ತಾನೆ. ಹೆಸರು ದೇವ್. ತುರ್ಕಿಯಲ್ಲಿ ದೇವ್ ಅಂದರೆ ದೈತ್ಯ.

ಆ ತುರ್ಕನಿಗೆ ದೇವರಾಜು ಎಂಬ ನನ್ನ ಉದ್ದದ ಹೆಸರು ಬಾಯಿಗೆ ಬರುತ್ತಿರಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಮುಗಿಸಿದೆ. ಪುಸ್ತಕದಲ್ಲಿ ಇರುವುದನ್ನು ಇಲ್ಲಿ ಬರೆದಿಡುತ್ತೇನೆ.

ಆಸ್ಪತ್ರೆಗೆ ಕಾರ್ಖಾನೆಯವರಾರೂ ಬರಲಿಲ್ಲ, ಜೊತೆಯ ತುರ್ಕರಿಗೂ ಪುರಸೊತ್ತು ಇರಲಿಲ್ಲ. ಪ್ರತಿ ಭಾನುವಾರ ಬಂದವನು ದೇವ್ ಒಬ್ಬನೇ. ಕಿತ್ತಳೆ ಹಣ್ಣು ತಂದು, ತಾನೇ ಸುಲಿದು, ತೊಳೆ ಬಿಡಿಸಿ ಎಡಗೈಗೆ ಕೊಡುತ್ತಿದ್ದ. ಎಡಗೈಯಲ್ಲಿ ಬರೆಯುವುದನ್ನು ಕಲಿಸಿದವನೂ ಅವನೇ. ಕಾಗದ ಜಾರದಂತೆ ತನ್ನ ಅಂಗೈ ಒತ್ತಿ ಹಿಡಿಯುತ್ತಿದ್ದ. ವಿಚಾರಣೆಯ ದಿನ ದುಭಾಷಿಯಾಗಿ ನಿಂತು ಅಪ್ಪನ ಪರವಾಗಿ ಮಾತಾಡಿದವನೂ ಅವನೇ. ಕೊನೆಯ ಸಾಲು ಹೀಗಿದೆ: "ನಮ್ಮಪ್ಪ ನಮಗೆ ಬರೆದ ಒಂದೊಂದು ಅಕ್ಷರವೂ ಆ ದೈತ್ಯನ ಅಂಗೈಯ ಪಕ್ಕದಲ್ಲಿ ಹುಟ್ಟಿದ್ದು."

ಕಿತ್ತಳೆ ನಿಜ. ಎಡಗೈ ನಿಜ.

ಸೆಪ್ಟೆಂಬರ್ 25

ಬೆಳಗ್ಗೆ ತಾಯಮ್ಮನನ್ನು ಜರ್ಮನಿನಲ್ಲಿ ಕಾಫಿ ಕೇಳಿದೆನಂತೆ. ನನಗೆ ಗೊತ್ತೇ ಆಗಲಿಲ್ಲ. "ಅದೇನ್ರೀ ಅದು, ಯಾರ್ ಜೊತೆ ಮಾತಾಡ್ತಿದ್ದೀರಿ?" ಎಂದು ಅವಳು ಹಿಂದೆ ತಿರುಗಿ ನೋಡಿದಳು. ನಾನೂ ನೋಡಿದೆ.

ಅಕ್ಟೋಬರ್ 4, ಶನಿವಾರ

ವಸುಧಾ ಬಂದಿದ್ದಳು. ಟರ್ಮ್ ಪೇಪರಿಗೆ ವಿಷಯ ಆರಿಸಿದ್ದಾಳೆ. ಆ ಪುಸ್ತಕದ ಇಂಡಿಯನ್.

"ಅಪ್ಪಾ, ಈ ಸ್ಟೋರೀಸಲ್ಲಿ ಯಾವಾಗ್ಲೂ ಜರ್ಮನ್ಸ್ ಮತ್ತೆ ಫಾರಿನರ್ಸ್. ಇದ್ರಲ್ಲಿ ಮಾತ್ರ ಒಬ್ಬ ಫಾರಿನರ್ ಇನ್ನೊಬ್ಬ ಫಾರಿನರ್‌ಗೆ ವಾಯ್ಸ್ ಕೊಡ್ತಾನೆ. ದಟ್ಸ್ ಮೈ ಹೋಲ್ ಪಾಯಿಂಟ್. ನಿಂಗೆ ಅಂಥವರು ಯಾರಾದ್ರೂ ಗೊತ್ತಿದ್ರಾ?"

"ಇಲ್ಲ."

"ಇಂಡಿಯನ್ಸು ತುಂಬ ಜನ ಇದ್ರಾ?"

"ಇದ್ರು ಇದ್ರು."

ನಮ್ಮ ಕಾರ್ಖಾನೆಗೆ ಬೆಂಗಳೂರಿನಿಂದ ಟ್ರೈನಿಂಗಿಗೆ ಹೋದವನು ನಾನೊಬ್ಬನೇ.

ನವೆಂಬರಿನಲ್ಲಿ ಆ ಲೇಖಕಿಯೇ ಬರ್ಕ್ಲಿಗೆ ಬರುತ್ತಾಳಂತೆ, ಪುಸ್ತಕ ಓದಲು.

ಅಕ್ಟೋಬರ್ 9, ಗುರುವಾರ

ಹೇವರ್ಡಿನ ಒಂದು ಶಾಪಿನಲ್ಲಿ ಇಂಟರ್‌ವ್ಯೂ ಇತ್ತು. ಸೇತುವೆಯ ಮೇಲೆ ಹೋಗುವಾಗ ಕಾಂಕ್ರೀಟಿನ ಒಂದೊಂದು ಸಂದಿಗೂ ಚಕ್ರ ಧಡ್ ಎನ್ನುತ್ತಿತ್ತು. ಪ್ರೆಸ್ಸಿನ ಅದೇ ಲಯ. ರೇಡಿಯೋ ಹಾಕಿದೆ. ಅದರ ಕೆಳಗೂ ಕೇಳಿಸಿತು.

ಸೂಪರ್‌ವೈಸರು ಒಳ್ಳೆಯವನು. ಶಾಪು ತೋರಿಸುತ್ತ ಒಳಗೆ ಕರೆದೊಯ್ದ. ಮೂಲೆಯಲ್ಲಿ ಒಂದು ಪ್ರೆಸ್ಸು. ನಾನು ಮೊದಲು ನೋಡಿದ್ದು, ಕೈ ಒಳಗೆ ಹೋಗದಂತೆ ತಡೆಯುವ ಅದರ ಜಾಲರಿಯನ್ನು. ಇತ್ತು, ಭದ್ರವಾಗಿಯೇ ಇತ್ತು. ಅದರ ಆಚೆ ಒಬ್ಬ ನಿಂತಿದ್ದ, ಕಂದು ಕೋಟು, ಬಲಗೈ ಜೇಬಿನಲ್ಲಿ. ಕ್ಯಾಲಿಫೋರ್ನಿಯಾದ ಆ ಬಿಸಿಲಿಗೆ ಉಣ್ಣೆಯ ಕೋಟು. "ಅವರು ಯಾರು?" ಎಂದೆ. ಸೂಪರ್‌ವೈಸರು "ಎಲ್ಲಿ?" ಎಂದ.

ತಲೆನೋವು ಎಂದು ಹೇಳಿ ಬಂದುಬಿಟ್ಟೆ. ಪಾರ್ಕಿಂಗಿನಲ್ಲಿ ಅರ್ಧ ಗಂಟೆ ಕೀ ಹಿಡಿದು ಕೂತಿದ್ದೆ. ಹಿಂದಿನ ಸೀಟಿನಲ್ಲಿ ಯಾರೋ ಕಾದಿದ್ದಾರೆ ಅನ್ನಿಸುತ್ತಿತ್ತು. ಕೋಪದಿಂದ ಅಲ್ಲ, ನಂಬಿಕೆಯಿಂದ ಕಾದಿದ್ದಾರೆ. ಅದನ್ನೇ ತಡೆಯಲಾಗಲಿಲ್ಲ.

ಅಕ್ಟೋಬರ್ 13, ಸೋಮವಾರ

ಬರೆದೇ ಬಿಡುತ್ತೇನೆ.

1964ರ ನವೆಂಬರ್. ನನಗೆ ಇಪ್ಪತ್ತಮೂರು. ಯಾಕುಪ್‌ಗೆ, ಅಂದರೆ ಆ ನೆರ್ಮಿನ್‌ಳ ಅಪ್ಪನಿಗೆ, ಮೂವತ್ತು ದಾಟಿತ್ತು. ಎಂಟು ತಿಂಗಳಿಂದ ನಮ್ಮಿಬ್ಬರ ಮಂಚ ಅಕ್ಕಪಕ್ಕ. ಮೊದಮೊದಲು ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಒಂದು ದಿನ ಅವನು ಕೈ ತೊಳೆಯುತ್ತ "ಸಾಬುನ್" ಎಂದ. ನಾನು "ಸಾಬೂನು!" ಎಂದು ಕೂಗಿಬಿಟ್ಟೆ. ಅಲ್ಲಿಂದ ಹುಡುಕತೊಡಗಿದೆವು. ದುನಿಯಾ, ಹವಾ, ತಾರೀಖು, ಪರದೆ, ಜವಾಬು. ಒಂದು ಪದ ಸಿಕ್ಕಿದ ದಿನ ಇಬ್ಬರೂ ಕುಣಿಯುತ್ತಿದ್ದೆವು. ಆ ಪದಗಳು, ಸ್ವಲ್ಪ ಜರ್ಮನ್, ಬರಬರುತ್ತ ಸ್ವಲ್ಪ ತುರ್ಕಿ ಸೇರಿ ನಮಗೇ ಒಂದು ಭಾಷೆ ಆಗಿತ್ತು. ಇನ್ನು ಯಾರಿಗೂ ಅದು ಅರ್ಥವಾಗುತ್ತಿರಲಿಲ್ಲ.

ಬೆರಳು ಹೋದ ಮೂರನೇ ದಿನ ವಿಮೆಯ ಕಡೆಯ ಅಧಿಕಾರಿ ಆಸ್ಪತ್ರೆಗೆ ಬಂದ. ಜೊತೆಗೆ ನಮ್ಮ ಮೈಸ್ಟರ್, ಅಂದರೆ ಮೇಸ್ತ್ರಿ. ಹಿಂದಿನ ದಿನ ಮೇಸ್ತ್ರಿ ನನ್ನನ್ನು ತನ್ನ ಕೋಣೆಗೆ ಕರೆದು ಕೂರಿಸಿದ್ದ. ಬೆದರಿಸಲಿಲ್ಲ. ನನ್ನ ಟ್ರೈನಿಂಗಿನ ಫೈಲು ಮೇಜಿನ ಮೇಲಿಟ್ಟು, ಸರ್ಟಿಫಿಕೇಟಿಗೆ ಸಹಿ ಹಾಕುವವನು ತಾನು ಎಂದ. ತುರ್ಕರು ಅವಸರದವರು, ಬೇಗ ಬೇಗ ಮಾಡಲು ಜಾಲರಿ ತಾವೇ ಬಿಚ್ಚುತ್ತಾರೆ, ನಿನಗೂ ಗೊತ್ತಲ್ಲ ಎಂದ. ನಾನು ತಲೆ ಆಡಿಸಿದೆ. ಕೆಲಸ ಬೇಗ ಸಾಗಲೆಂದು ಜಾಲರಿ ಬಿಚ್ಚಿಸಿದವನು ಅವನೇ ಎಂದು ಇಡೀ ಪ್ರೆಸ್ಸು ಹಾಲಿಗೆ ಗೊತ್ತಿತ್ತು.

ಯಾಕುಪ್ ಹತ್ತು ನಿಮಿಷ ಮಾತಾಡಿದ. ಮಧ್ಯೆ ಮಧ್ಯೆ ನಿಲ್ಲಿಸಿ ನನಗೆ ಅರ್ಥವಾಯಿತೇ ಎಂದು ನೋಡುತ್ತಿದ್ದ. ಅಧಿಕಾರಿ ಪೆನ್ನು ಹಿಡಿದು ನನ್ನ ಕಡೆ ತಿರುಗಿದ. ನಾನು ಹೇಳಿದ್ದು ಎಂಟು ಪದ.

ಎರ್ ಸಾಗ್ಟ್, ಎರ್ ಹಾಟ್ ದಾಸ್ ಗಿಟ್ಟರ್ ಜೆಲ್ಬ್‌ಸ್ಟ್ ಆಬ್‌ಗೆನೊಮ್ಮೆನ್. ಜಾಲರಿಯನ್ನು ತಾನೇ ಬಿಚ್ಚಿದೆ ಎಂದು ಇವನು ಹೇಳುತ್ತಾನೆ.

ಅವರು ಹೋದ ಮೇಲೆ ಯಾಕುಪ್ ಕಣ್ಣಲ್ಲೇ ಕೇಳಿದ. ನಮ್ಮಿಬ್ಬರ ಭಾಷೆಯಲ್ಲಿ "ಜವಾಬ್ ತಮಾಮ್" ಎಂದೆ. ಎಲ್ಲ ಹೇಳಿದ್ದಾಯಿತು ಎಂದು. ಅವನು ಎಡಗೈಯಿಂದ ನನ್ನ ಕೆನ್ನೆ ತಟ್ಟಿದ.

ಅವನನ್ನು ಕೆಲಸದಿಂದ ತೆಗೆದರು. ಬ್ಯಾಂಡೇಜು ಬಿಚ್ಚುವವರೆಗೆ ಆರು ಭಾನುವಾರ ಹೋದೆ. ಆಮೇಲೆ ಅವನು ಬೇರೆ ಊರಿಗೆ ಹೋದ. ನನಗೆ ಸರ್ಟಿಫಿಕೇಟು ಬಂತು. ಅದನ್ನು ತೋರಿಸಿಯೇ ಈ ದೇಶಕ್ಕೆ ಬಂದದ್ದು.

ಹತ್ತು ನಿಮಿಷದಲ್ಲಿ ಅವನು ಇನ್ನೂ ಹೇಳಿದ್ದಿದೆ. ಅದನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ಅಕ್ಟೋಬರ್ 19, ಭಾನುವಾರ

ತಾಯಮ್ಮ ಲಿವರ್‌ಮೋರಿನ ದೇವಸ್ಥಾನಕ್ಕೆ ಹೋಗೋಣ ಎಂದು ಹೊರಡಿಸಿದಳು. ದೇವಸ್ಥಾನದ ಹೊರಗೆ ಕಾರು ನಿಲ್ಲಿಸಿ ನಾನು ಇಳಿಯಲಿಲ್ಲ. "ಅದ್ಯಾಕ್ ಹಿಂಗೆ ಕುಂತಿದ್ದೀರಿ? ಕೆಲಸ ಸಿಕ್ಕೇ ಸಿಗ್ತದೆ, ಬನ್ನಿ" ಎಂದಳು. ಕೆಲಸದ ಮಾತಲ್ಲ ಎಂದು ಎಲ್ಲವನ್ನೂ ಹೇಳಿದೆ. ಅವಳ ಮಡಿಲಲ್ಲಿ ಹೂವಿನ ಪೊಟ್ಟಣ ಇತ್ತು. ಕೊನೆಯವರೆಗೂ ಅದನ್ನು ಬಿಡಲಿಲ್ಲ.

"ಇಪ್ಪತ್ತು ವರ್ಸ ಜೊತೇಲಿದ್ದು ಇದನ್ನ ನಂಗೆ ಹೇಳ್ಲಿಲ್ಲ ನೀವು."

"ಹೆಂಗೆ ಹೇಳ್ಲಿ?"

"ಈಗ ಹೇಳಿದ್ರಲ್ಲ, ಹಂಗೆ." ಪೊಟ್ಟಣವನ್ನು ಇನ್ನೊಂದು ಕೈಗೆ ಬದಲಿಸಿ, "ಮಗಳು ಅದನ್ನ ಬರ್ದು ಮೇಷ್ಟ್ರಿಗೆ ಕೊಡೋಕ್ ಮುಂಚೆ ಹೇಳ್ಬಿಡಿ. ಆಮೇಲೆ ಗೊತ್ತಾದ್ರೆ ಆ ಹುಡುಗಿ ನಿಮ್ ಮುಖ ನೋಡಾಕಿಲ್ಲ" ಎಂದಳು.

ಹೂವನ್ನು ಅವಳೊಬ್ಬಳೇ ಹೋಗಿ ಕೊಟ್ಟು ಬಂದಳು.

ಅಕ್ಟೋಬರ್ 25, ಶನಿವಾರ

ಹೇಳಿದೆ. ಬರ್ಕ್ಲಿಯಲ್ಲಿ, ಅವಳ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕೂತು.

ಮೊದಲು ಅವಳ ಮುಖ ಅರಳಿತು. "ವೇಟ್, ದೇವ್ ನೀನಾ? ಅಪ್ಪಾ!" ಎಂದು ನನ್ನ ತೋಳು ಹಿಡಿದುಕೊಂಡಳು. ಅಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ಆ ಅರ್ಧ ನಿಮಿಷ ನನ್ನ ಮಗಳು ನನ್ನನ್ನು ಹೇಗೆ ನೋಡಿದಳೋ ಹಾಗೆ ಯಾರೂ ಯಾವತ್ತೂ ನೋಡಿಲ್ಲ. ಉಳಿದದ್ದನ್ನೂ ಹೇಳಿದೆ. ತೋಳಿನ ಮೇಲಿದ್ದ ಕೈ ತೆಗೆದಳು.

"ಅವರಿಗೆ ಗೊತ್ತಿಲ್ವಾ? ನೆರ್ಮಿನ್‌ಗೆ?"

"ಇಲ್ಲ ಅಂತ ಕಾಣತ್ತೆ."

"ಐ ಕಾಂಟ್ ರೈಟ್ ದಿಸ್ ಪೇಪರ್ ನೌ." ಎದ್ದು ನಿಂತಳು. "ನಾನ್ ಹೇಳಲ್ಲ ಅವರಿಗೆ. ಶೀಸ್ ಕಮಿಂಗ್ ಆನ್ ದ ಫೋರ್ಟೀಂತ್. ನೀನೇ ಬಾ."

ಬಾಗಿಲು ಹಾಕಿಕೊಂಡಳು. ಜೋರಾಗಿ ಅಲ್ಲ.

ನವೆಂಬರ್ 3

ಫೋನು ಮಾಡಿದೆ. ಅವಳ ರೂಮ್‌ಮೇಟು ಎತ್ತಿ, ಇಲ್ಲ ಎಂದಳು. ಹಿಂದೆ ವಸುಧಾಳ ಕೆಮ್ಮು ಕೇಳಿಸಿತು.

ನವೆಂಬರ್ 15, ಶನಿವಾರ

ನಿನ್ನೆಯದನ್ನು ನಿನ್ನೆ ಬರೆಯಲಾಗಲಿಲ್ಲ.

ಮಧ್ಯಾಹ್ನ ಮೂರಕ್ಕೆ, ಒಂದು ಕ್ಲಾಸ್‌ರೂಮಿನಲ್ಲಿ. ನಲವತ್ತು ಜನ ಇದ್ದರೇನೋ. ನಾನು ಕೊನೆಯ ಸಾಲಿನಲ್ಲಿ ಕೂತೆ. ವಸುಧಾ ಮೂರನೇ ಸಾಲಿನಲ್ಲಿದ್ದವಳು ನನ್ನನ್ನು ನೋಡಿ ಎದ್ದು ಬಂದು ಪಕ್ಕದಲ್ಲಿ ಕೂತಳು.

ನೆರ್ಮಿನ್ ಸಣ್ಣ ಮೈಕಟ್ಟಿನ ಹೆಂಗಸು. ಹುಬ್ಬು ಮಾತ್ರ ಯಾಕುಪ್‌ದೇ. ಅದು ಮೇಲೆ ಕೆಳಗೆ ಆಡುತ್ತಿದ್ದರೆ ನನಗೆ ಓದುತ್ತಿರುವುದು ಕೇಳಿಸುತ್ತಲೇ ಇರಲಿಲ್ಲ. ಯಾರೋ ಆ ಇಂಡಿಯನ್ ನಿಜವಾಗಿ ಇದ್ದನೇ ಎಂದು ಕೇಳಿದರು. ಇದ್ದರು, ಎರಡು ವರ್ಷ ಹುಡುಕಿದೆ, ಕಾರ್ಖಾನೆಗೆ ಬರೆದರೆ ಉತ್ತರ ಬರಲಿಲ್ಲ, ಅಪ್ಪ ತೀರಿಕೊಳ್ಳುವ ಮುಂಚೆ ಅವರಿಗೆ ನಮ್ಮ ಸಲಾಮು ತಲುಪಿಸು ಎಂದಿದ್ದರು ಎಂದಳು.

ಎಲ್ಲರೂ ಹೋಗುವವರೆಗೆ ಕಾದೆ. ಅವಳು ಪುಸ್ತಕಗಳನ್ನು ಚೀಲಕ್ಕೆ ಹಾಕುತ್ತಿದ್ದಳು. "ನಾನು ದೇವ್" ಎಂದೆ, ಜರ್ಮನಿನಲ್ಲಿ.

ಅವಳು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ನೀವು ಇಷ್ಟು ಚಿಕ್ಕವರಾ?" ಎಂದು ನಕ್ಕಳು. ಕಣ್ಣಲ್ಲಿ ನೀರು ಬಂದಿತ್ತು. ನನ್ನ ಕೈ ಹಿಡಿಯಲು ಬಂದಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡು ಆ ಎಂಟು ಪದ ಹೇಳಿದೆ. ಒಂದು ತಪ್ಪೂ ಇಲ್ಲದೆ ಬಂದವು.

 ಆಕೆ ಕುರ್ಚಿ ಎಳೆದು ಕೂತು, "ಇನ್ನೊಂದು ಸಲ, ನಿಧಾನವಾಗಿ" ಎಂದಳು. ಹೇಳಿದೆ. ಬರೆದುಕೊಂಡಳು.

"ಆಮೇಲೆ ಅಪ್ಪನಿಗೆ ಏನು ಹೇಳಿದಿರಿ?"

"ಜವಾಬ್ ತಮಾಮ್."

ಅವಳ ಪೆನ್ನು ನಿಂತಿತು. "ಮನೆಯಲ್ಲಿ ಏನು ಕೆಲಸ ಮುಗಿದರೂ ಅಪ್ಪ ಅದನ್ನೇ ಹೇಳುತ್ತಿದ್ದರು. ಗೋಡೆಗೆ ಮೊಳೆ ಹೊಡೆದರೂ ಸರಿ, ಜೆವಾಪ್ ತಮಾಮ್. ಅದು ಸರಿಯಾದ ತುರ್ಕಿ ಅಲ್ಲ ಎಂದು ನಾವೆಲ್ಲ ನಗುತ್ತಿದ್ದೆವು. ಎಲ್ಲಿಂದ ಬಂತು ಎಂದು ಗೊತ್ತಿರಲಿಲ್ಲ."

ವಿಮೆಯವರ ಕಾಗದದಲ್ಲಿ ತನ್ನ ಹೇಳಿಕೆ ಎಂದು ಇದ್ದುದನ್ನು ಯಾಕುಪ್ ಕೊನೆಯವರೆಗೂ ಒಪ್ಪಲಿಲ್ಲವಂತೆ. ಊರಿನವರು ನಂಬಲಿಲ್ಲ. ತನ್ನ ಕೈ ತಾನೇ ಕಳೆದುಕೊಂಡವನು ಎಂದೇ ಕರೆದರು. ಜಗಳವಾದಾಗ ಹೆಂಡತಿಯೂ ಅದನ್ನೇ ಎತ್ತಿ ಆಡಿದ್ದಾಳೆ. "ಮೇಸ್ತ್ರಿ ಬರಹವನ್ನು ತಿದ್ದಿದ ಎನ್ನುತ್ತಿದ್ದರು ಅಪ್ಪ. ನಿಮ್ಮ ಮೇಲೆ ಒಂದು ದಿನವೂ ಅನುಮಾನ ಪಡಲಿಲ್ಲ."



"ನಿಮಗೆ ಹೇಳಬೇಕು ಅಂತ ಹತ್ತು ವರ್ಷದಿಂದ ಒಂದು ಥ್ಯಾಂಕ್ಸ್ ಇಟ್ಟುಕೊಂಡಿದ್ದೆ" ಎಂದಳು. "ಅದನ್ನು ಈಗ ಎಲ್ಲಿಡಬೇಕೋ ಗೊತ್ತಾಗುತ್ತಿಲ್ಲ." ಎದ್ದು ಕೋಟು ಹಾಕಿಕೊಂಡಳು. ಬಾಗಿಲಲ್ಲಿ ನಿಂತು, "ಬರೆದು ಕೊಡಿ. ಹೆಸರು, ತಾರೀಖು, ಸಹಿ ಎಲ್ಲ ಹಾಕಿ. ನಮ್ಮಮ್ಮ ಇನ್ನೂ ಇದ್ದಾರೆ" ಎಂದಳು. ವಿಳಾಸವನ್ನು ನನ್ನ ಕೈಗೆ ಕೊಡಲಿಲ್ಲ, ವಸುಧಾಳ ಕೈಗೆ ಕೊಟ್ಟಳು.

ನವೆಂಬರ್ 23, ಭಾನುವಾರ

ನಾಲ್ಕು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಮೇಸ್ತ್ರಿಯ ಬಗ್ಗೆ ಒಂದು ಪುಟ ಇತ್ತು. ಎರಡನೆಯದರಲ್ಲಿ ನನ್ನ ವಯಸ್ಸಿನ ಬಗ್ಗೆ, ನನ್ನ ಮನೆಯ ಕಷ್ಟದ ಬಗ್ಗೆ. ವಸುಧಾ ಓದಿ, "ಇದೆಲ್ಲಾ ಯಾಕಪ್ಪಾ?" ಎಂದಳು. ತೆಗೆದೆ. ಕೊನೆಗೆ ಉಳಿದದ್ದು ಒಂಬತ್ತು ಸಾಲು. ಅವಳೇ ಟೈಪು ಮಾಡಿದಳು. ನೋಟರಿಯ ಹತ್ತಿರವೂ ಬಂದಳು. ಅವನು ನನ್ನ ಲೈಸೆನ್ಸು ನೋಡುವಾಗ, ಇವರು ನಿನ್ನ ತಂದೆಯೇ ಎಂದು ಅವಳನ್ನು ಕೇಳಿದ. ಹೌದು ಎಂದಳು.

ಪೇಪರಿಗೆ ಬೇರೆ ವಿಷಯ ತೆಗೆದುಕೊಂಡಿದ್ದಾಳೆ. ಏನೆಂದು ನಾನು ಕೇಳಿಲ್ಲ.

ಡಿಸೆಂಬರ್ 1

ಹೇವರ್ಡಿನವನಿಗೆ ಫೋನು ಮಾಡಿದೆ. ಅವತ್ತು ತಲೆನೋವು ಇರಲಿಲ್ಲ, ಪ್ರೆಸ್ಸು ಕಂಡರೆ ನನಗೆ ಭಯ ಎಂದೆ. ನಿನಗೆ ಲೇತು ಕೊಡ್ತೀನಿ ಎಂದ. ಬರುವ ಸೋಮವಾರದಿಂದ ಕೆಲಸ.

ಡಿಸೆಂಬರ್ 13, ಶನಿವಾರ

ನೆರ್ಮಿನ್ ಬರೆದಿದ್ದಾಳೆ. ಸಂಬೋಧನೆ ಇಲ್ಲ. ಹೇಳಿಕೆಯನ್ನು ತುರ್ಕಿಗೆ ತಿರುಗಿಸಿ ಅಮ್ಮನಿಗೆ ಓದಿ ಹೇಳಿದಳಂತೆ. ಅಮ್ಮ ಎರಡು ಸಲ ಓದಿಸಿಕೊಂಡರಂತೆ. ನನ್ನ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದು ಇಷ್ಟೇ: ಅವರು ಹತ್ತು ನಿಮಿಷ ಮಾತಾಡಿದರು ಎಂದಿದೆಯಲ್ಲ, ಏನು ಹೇಳಿದರು?

"ಅದು ಗೊತ್ತಿರುವುದು ಭೂಮಿಯ ಮೇಲೆ ನಿಮಗೊಬ್ಬರಿಗೇ" ಎಂದು ಬರೆದಿದ್ದಾಳೆ.

ಡಿಸೆಂಬರ್ 14, ಭಾನುವಾರ

ತಾಯಮ್ಮ ಒಳಗೆ ಅನ್ನಕ್ಕಿಟ್ಟಿದ್ದಾಳೆ. ವಸುಧಾ ಟೈಪ್‌ರೈಟರ್ ಮುಂದೆ ಕಾದಿದ್ದಾಳೆ. ಜರ್ಮನ್ ಭಾಷೆಗೆ ತಿರುಗಿಸುವ ಮುಂಚೆ ನನ್ನ ಮಾತಿನಲ್ಲಿ ಒಮ್ಮೆ ಬರೆದುಕೊಳ್ಳುತ್ತೇನೆ. ಏನನ್ನೂ ಬಿಡುವುದಿಲ್ಲ, ಸೇರಿಸುವುದಿಲ್ಲ.

ಯಾಕುಪ್ ಹೇಳಿದ್ದು:

ಸೋಮವಾರ ಬೆಳಗ್ಗೆ ಮೇಸ್ತ್ರಿ ಬಂದು ಜಾಲರಿ ಬಿಚ್ಚಿಸಿದ. ಬೇಡ ಅಂದೆ. ಎರಡು ದಿನದ ಮಟ್ಟಿಗೆ ಅಂದ. ಬುಧವಾರ ಮತ್ತೆ ಕೇಳಿದೆ, ಗಡಿಯಾರ ತೋರಿಸಿದ. ಕೈ ಹೋದಾಗ ನೋವಾಗಲಿಲ್ಲ, ತಣ್ಣಗಾಯಿತು ಅಷ್ಟೇ. ನನ್ನ ಹೆಂಡತಿಗೆ ಈಗಲೇ ಯಾರೂ ಬರೆಯಬೇಡಿ, ಅವಳು ಬಸುರಿ. ನಾನೇ ಬರೆಯುತ್ತೇನೆ, ಎಡಗೈಯಲ್ಲಿ ಕಲಿತು ಬರೆಯುತ್ತೇನೆ. ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಪಕ್ಕದ ಪ್ರೆಸ್ಸಿನ ಜಾಲರಿಯನ್ನೂ ಬಿಚ್ಚಿಸಿದ್ದಾನೆ. ಅದನ್ನು ಇವತ್ತೇ ಹಾಕಿಸಿ. ಬರುವ ವಾರ ಆ ಪ್ರೆಸ್ಸಿಗೆ ಕೂರಿಸುವುದು ಈ ದೇವ್‌ನನ್ನು. ಇವನಿಗೆ ಆ ಕೆಲಸ ಗೊತ್ತಿಲ್ಲ, ಇನ್ನೂ ಚಿಕ್ಕವನು, ಹೇಳಿಕೊಳ್ಳಲು ನಾಚುತ್ತಾನೆ. ಅದಕ್ಕೇ ಇವನ ಪರವಾಗಿ ನಾನು ಹೇಳುತ್ತಿದ್ದೇನೆ.